ಗೋಡೆಯ ಪಾಪ ಯಾರ ಲೆಕ್ಕಕ್ಕೆ?

44 ಯೂರೋ ಕೊಡಿ ಅಂತ 81 ವರ್ಷದ ಅಜ್ಜಿಗೆ ಪತ್ರ ಬರೆದವನು ನಾನು. ಪೋಸ್ಟ್ ಡಬ್ಬಿಗೆ ಹಾಕಿ ಬಂದ ಮೇಲೆ ಎರಡು ದಿನ ಮನಸ್ಸಿಗೆ ಒಂಥರಾ ಕಸಿವಿಸಿ. ಕಾನೂನು ನನ್ನ ಕಡೆ ಇತ್ತು, ಲೆಕ್ಕವೂ ಸರಿಯಾಗೇ ಇತ್ತು. ಆದರೂ ಯಾರದೋ ಚೀಲದಿಂದ ಚಿಲ್ಲರೆ ತೆಗೆದುಕೊಂಡ ಹಾಗೆ ಅನ್ನಿಸುತ್ತಿತ್ತು.

ಆ ಅಜ್ಜಿ ನಮ್ಮ ಮನೆ ಓನರ್. ಬರ್ಲಿನ್ನಿನಲ್ಲಿ ನಾವಿರುವುದು ನೂರು ವರ್ಷ ದಾಟಿದ ಕಟ್ಟಡದ ಮೂರನೇ ಮಹಡಿಯಲ್ಲಿ. 70 ಚದರ ಮೀಟರಿನ ಫ್ಲ್ಯಾಟು. ಎತ್ತರದ ಚಾವಣಿ, ಒಂದರ ಹಿಂದೊಂದು ಎರಡು ಜೋಡಿ ಬಾಗಿಲಿರುವ ಹಳೇ ಮರದ ಕಿಟಕಿ, ರಸ್ತೆ ಕಡೆಯ ಗೋಡೆ ಮೇಲೆ ಗಾರೆಯಲ್ಲಿ ಮಾಡಿದ ಹೂಬಳ್ಳಿ. ಊರಿಂದ ಬಂದ ನೆಂಟರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಜನವರಿಯಲ್ಲಿ ಬಂದು ಅದೇ ಕಿಟಕಿ ಪಕ್ಕ ಅರ್ಧ ಗಂಟೆ ಕೂತಿದ್ದರೆ ಫೋಟೋ ತೆಗೆಯುವ ಉತ್ಸಾಹ ಇರುತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ಒಂದು ಗ್ಯಾಸ್ ಬಾಯ್ಲರ್ ತೂಗುಹಾಕಿದೆ. ಅದು ನೀರು ಕಾಯಿಸಿ ಕೋಣೆ ಕೋಣೆಗೂ ಕಳಿಸುತ್ತೆ, ಮನೆ ಬೆಚ್ಚಗಾಗುತ್ತೆ. ಗ್ಯಾಸಿನ ಕರಾರು ನನ್ನ ಹೆಸರಲ್ಲಿದೆ, ಬಿಲ್ಲೂ ನನಗೇ ಬರುತ್ತೆ.

2025ರ ಲೆಕ್ಕದ ಬಿಲ್ಲು ಬಂತು. ವರ್ಷಕ್ಕೆ ಸುಮಾರು 11 ಸಾವಿರ ಯೂನಿಟ್. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಈ ಗ್ಯಾಸ್ ಉರಿದು ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅದರ ಬೆಲೆ ಟನ್ನಿಗೆ 55 ಯೂರೋದ ಹಾಗೆ 110 ಯೂರೋ. (ವ್ಯಾಟ್ ಬಿಟ್ಟು ಹೇಳ್ತಿದೀನಿ, ಲೆಕ್ಕ ಸುಲಭ ಆಗಲಿ ಅಂತ.) ಎರಡು ಟನ್ ಅಂದರೆ ಎಷ್ಟು ಅಂತ ಯೋಚಿಸಿದೆ. ನಮ್ಮೂರಲ್ಲಾದರೆ ಐವತ್ತು ಕೆಜಿಯ 40 ಮೂಟೆ ಅಕ್ಕಿ. ಅಷ್ಟು ತೂಕದ ಕಾಣದ ಗಾಳಿಯನ್ನು ನಾನು, ನನ್ನ ಹೆಂಡತಿ, ಮಗಳು ಒಂದೇ ವರ್ಷದಲ್ಲಿ ಚಿಮಣಿಯಿಂದ ಮೇಲಕ್ಕೆ ಕಳಿಸಿದ್ದೆವು. ಬರೀ ಬೆಚ್ಚಗಿರೋದಕ್ಕೆ.

ಹೊಗೆಗೆ ಬೆಲೆ ಕಟ್ಟುವ ಯೋಚನೆ ಹೊಸದೇನಲ್ಲ. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಇದನ್ನು ಬರೆದಿದ್ದ. ದೊಡ್ಡ ಪಟ್ಟಣಗಳ ಚಿಮಣಿಯ ಹೊಗೆಯಿಂದ ಕಟ್ಟಡ ಹಾಳಾಗುತ್ತೆ, ಗಿಡ ಹಾಳಾಗುತ್ತೆ, ಜನ ಬಟ್ಟೆ ಒಗೆಯೋದಕ್ಕೆ ಹೆಚ್ಚು ಖರ್ಚು ಮಾಡ್ತಾರೆ, ಆದರೆ ಹೊಗೆ ಬಿಟ್ಟವನ ಲೆಕ್ಕದ ಪುಸ್ತಕದಲ್ಲಿ ಆ ಖರ್ಚು ಎಲ್ಲೂ ಇರೋದಿಲ್ಲ. ತೆರಿಗೆ ಹಾಕಿ ಆ ಖರ್ಚನ್ನು ಅವನ ಪುಸ್ತಕಕ್ಕೇ ತಂದರೆ ಅವನೇ ಹೊಗೆ ಕಡಿಮೆ ಮಾಡ್ತಾನೆ ಅನ್ನೋದು ತರ್ಕ. ಜರ್ಮನಿ ಮನೆ ಕಾಯಿಸುವ ಗ್ಯಾಸು, ಎಣ್ಣೆ, ಮತ್ತೆ ವಾಹನಗಳ ಪೆಟ್ರೋಲು ಡೀಸೆಲ್ಲಿಗೆ ಈ ಬೆಲೆಯನ್ನು 2021ರಲ್ಲಿ ಶುರುಮಾಡಿತು. ಮೊದಲು ಟನ್ನಿಗೆ 25 ಯೂರೋ, ಮರುವರ್ಷ 30. ಉಕ್ರೇನ್ ಯುದ್ಧದಿಂದ ಗ್ಯಾಸಿನ ದರ ಗಗನಕ್ಕೇರಿದಾಗ 2023ರಲ್ಲಿ ಏರಿಸದೆ 30ರಲ್ಲೇ ನಿಲ್ಲಿಸಿದರು. 2024ಕ್ಕೆ 45, 2025ಕ್ಕೆ 55.

ಸರಿ, ಕಾರ್ಖಾನೆಗೆ ಇದು ಹೊಂದುತ್ತೆ. ಹೊಗೆ ಬಿಡೋನೂ ಅವನೇ, ಯಂತ್ರದ ಯಜಮಾನನೂ ಅವನೇ. ಬಾಡಿಗೆ ಮನೆಯಲ್ಲಿ ಹಾಗಲ್ಲ ನೋಡಿ. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ. ಬಾಡಿಗೆದಾರನ ಕೈಗೆ ಸಿಗೋದು ಒಂದು ತಿರುಗಣೆ ಮಾತ್ರ. 22 ಡಿಗ್ರಿಯಿಂದ 20ಕ್ಕೆ ಇಳಿಸಬಹುದು, ಸ್ವೆಟರ್ ಹಾಕ್ಕೊಬಹುದು, ಮಲಗೋ ಕೋಣೆಯನ್ನು ತಣ್ಣಗಿಡಬಹುದು. ಬಾಯ್ಲರ್ ಬದಲಿಸೋ ಹಾಗಿಲ್ಲ. ಕಿಟಕಿ ಬದಲಿಸೋ ಹಾಗಿಲ್ಲ. ಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕಿಸೋದಂತೂ ದೂರದ ಮಾತು. ಅದೆಲ್ಲ ಓನರಿನ ಕೈಲಿರೋದು, ಆದರೆ ಗ್ಯಾಸಿನ ಬಿಲ್ಲು ಓನರಿಗೆ ಬರೋದೇ ಇಲ್ಲ. ಬಿಲ್ ಕಟ್ಟೋನಿಗೆ ಗೋಡೆ ಇಲ್ಲ, ಗೋಡೆ ಇರೋನಿಗೆ ಬಿಲ್ ಇಲ್ಲ. ಮೊದಲ ಎರಡು ವರ್ಷ ಈ ಕಾರ್ಬನ್ ಬೆಲೆಯನ್ನು ಪೂರ್ತಿಯಾಗಿ ಬಾಡಿಗೆದಾರರೇ ಕಟ್ಟಿದರು.

ನನ್ನನ್ನು ಹಿಡಿದು ಕೂರಿಸಿದ ಪ್ರಶ್ನೆ ಇದೇ. ಒಂದು ಮನೆ ಬಿಡುವ ಹೊಗೆಗೆ ಯಾರು ಹೊಣೆ? ಬೆಂಕಿ ಹಚ್ಚಿದವನಾ, ಬಿಸಿ ನಿಲ್ಲದ ಗೋಡೆಯನ್ನು ಇಟ್ಟುಕೊಂಡವನಾ? ಅಥವಾ ನೂರು ವರ್ಷದ ಹಿಂದೆ ಆ ಗೋಡೆ ಕಟ್ಟಿ, ಈಗ ಯಾವುದೋ ಸ್ಮಶಾನದಲ್ಲಿ ಮಲಗಿರೋ ಮೇಸ್ತ್ರಿಯಾ? ಅವನ ಕಾಲದಲ್ಲಿ ಕಲ್ಲಿದ್ದಲು ಉರಿಸೋದು ಪಾಪ ಅಂತ ಅವನಿಗೆ ಹೇಳೋರು ಯಾರಿದ್ರು?

2023ರ ಜನವರಿ 1ರಿಂದ ಜರ್ಮನಿಯಲ್ಲಿ ಇದಕ್ಕೊಂದು ಕಾನೂನು ಬಂತು. ಅದರ ಒಳಗೆ ಹತ್ತು ಮೆಟ್ಟಿಲಿನ ಒಂದು ಪಟ್ಟಿ ಇದೆ. ಮನೆ ವರ್ಷಕ್ಕೆ ಚದರ ಮೀಟರಿಗೆ ಎಷ್ಟು ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತೆ ಅಂತ ನೋಡೋದು. 12 ಕೆಜಿಗಿಂತ ಕಡಿಮೆಯಾದರೆ ಗೋಡೆ ಚೆನ್ನಾಗಿದೆ, ಓನರ್ ತನ್ನ ಕೆಲಸ ಮಾಡಿದ್ದಾನೆ, ಕಾರ್ಬನ್ ಬೆಲೆ ಪೂರ್ತಿ ಬಾಡಿಗೆದಾರನದು. ಅಲ್ಲಿಂದ ಐದೈದು ಕೆಜಿ ಏರಿದ ಹಾಗೆ ಓನರಿನ ಪಾಲು ಹತ್ತು ಹತ್ತು ಪರ್ಸೆಂಟ್ ಏರುತ್ತೆ. ಕೊನೇ ಮೆಟ್ಟಿಲು 52 ಕೆಜಿ ಮತ್ತು ಮೇಲೆ. ಅಲ್ಲಿ ಓನರಿಗೆ 95, ಬಾಡಿಗೆದಾರನಿಗೆ 5. ನಮ್ಮ ಮನೆಯದು 28 ಕೆಜಿ ಚಿಲ್ಲರೆ. ಅಂದರೆ 27ರಿಂದ 32ರ ಮೆಟ್ಟಿಲು: ನನಗೆ 60, ಅಜ್ಜಿಗೆ 40. 110ರಲ್ಲಿ 44 ಯೂರೋ ಅವರದು.

ಇದನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಸರ್ಕಾರಿ ಕಾಗದವೊಂದು ಹೊಣೆ ಅನ್ನೋದನ್ನು ಇಷ್ಟು ಮನುಷ್ಯರ ಹಾಗೆ ಯೋಚಿಸಿದ್ದು ನಾನು ನೋಡಿರಲಿಲ್ಲ. ನ್ಯಾಯ ಅಂದರೆ ನಮಗೆ ಸಾಮಾನ್ಯವಾಗಿ ತಪ್ಪಿತಸ್ಥ ಯಾರು ಅಂತ ಹುಡುಕೋದು, ಒಬ್ಬನನ್ನು ಕಟಕಟೆಯಲ್ಲಿ ನಿಲ್ಲಿಸೋದು. ಇಲ್ಲಿ ಹಾಗಲ್ಲ. ಇದು ಯಾರ ತಪ್ಪು ಅಂತ ಕೇಳೋದೇ ಇಲ್ಲ. ಇದನ್ನು ಬದಲಿಸೋ ಶಕ್ತಿ ಯಾರ ಕೈಲಿ ಎಷ್ಟಿದೆ ಅಂತ ಕೇಳುತ್ತೆ. ಒಳ್ಳೇ ಗೋಡೆಯ ಮನೆಯಲ್ಲಿ ಉಳಿದಿರೋ ಶಕ್ತಿ ತಿರುಗಣೆಯಲ್ಲಿ ಮಾತ್ರ, ಹಾಗಾಗಿ ತಿರುಗಣೆ ಹಿಡಿದವನು ಕೊಡಬೇಕು. ಕೆಟ್ಟ ಗೋಡೆಯ ಮನೆಯಲ್ಲಿ ತಿರುಗಣೆ ಎಷ್ಟು ತಿರುಗಿಸಿದರೂ ಪ್ರಯೋಜನ ಅಷ್ಟಕ್ಕಷ್ಟೇ, ಹಾಗಾಗಿ ಗೋಡೆ ಇರೋನು ಕೊಡಬೇಕು.

ಆಮೇಲೆ ಯೋಚಿಸ್ತಾ ಹೋದ ಹಾಗೆ ಬಿರುಕು ಕಾಣೋಕೆ ಶುರುವಾಯಿತು. ಆ ಕೆಜಿ ಲೆಕ್ಕ ಬರೋದು ಗೋಡೆಯನ್ನು ಅಳೆದಲ್ಲ, ಬಿಲ್ಲಿನಿಂದ. ಅಂದರೆ ನಾನು ಹೀಟರ್ ಹಾಕಿ, ಕಿಟಕಿ ತೆಗೆದು, ಬನಿಯನ್ನಿನಲ್ಲಿ ಓಡಾಡಿದರೆ ನನ್ನ ಮನೆ ಮೇಲಿನ ಮೆಟ್ಟಿಲಿಗೆ ಹೋಗುತ್ತೆ, ಅಜ್ಜಿಯ ಪಾಲು ಏರುತ್ತೆ. ನನ್ನ ದುಂದಿಗೆ ಅವರ ಗೋಡೆಗೆ ಕೆಟ್ಟ ಹೆಸರು. ಇನ್ನೊಂದು ವಿಷಯ: ಗ್ಯಾಸಿನ ಕರಾರು ಬಾಡಿಗೆದಾರನ ಹೆಸರಲ್ಲೇ ಇದ್ದರೆ ಓನರಿನ ಪಾಲು ತಾನಾಗಿ ಬರೋದಿಲ್ಲ. ಬಿಲ್ಲು ಬಂದ 12 ತಿಂಗಳೊಳಗೆ ಲೆಕ್ಕ ಹಾಕಿ, ಬರೆದು ಕೇಳಬೇಕು. ಕೇಳದಿದ್ದರೆ ಹೋಯ್ತು. ಜರ್ಮನ್ ಕಾಗದ ಓದೋಕೆ ಬರುವ, ಲೆಕ್ಕ ಬರುವ, ಓನರನ್ನು ಎದುರು ಹಾಕಿಕೊಂಡರೂ ಬದುಕಬಲ್ಲೆ ಅನ್ನೋ ಧೈರ್ಯ ಇರುವವರಿಗೆ ನ್ಯಾಯ. ಕೆಳಗಿನ ಮಹಡಿಯಲ್ಲಿ ಒಂದು ಸಿರಿಯನ್ ಕುಟುಂಬ ಇದೆ, ಅವರದೂ ಇಂಥದ್ದೇ ಬಾಯ್ಲರ್. ಅವರಿಗೆ ಈ ಕಾನೂನು ಇರೋದೇ ಗೊತ್ತಿರಲಿಲ್ಲ. ನಾನೂ ಮೂರನೇ ವರ್ಷ ಎಚ್ಚರವಾದವನು.

ಪತ್ರ ಹಾಕಿದ ವಾರಕ್ಕೆ ಅಜ್ಜಿ ಫೋನ್ ಮಾಡಿ ಕಾಫಿಗೆ ಕರೆದರು. ನಾನು ಜಗಳ ಆಗುತ್ತೆ ಅಂದುಕೊಂಡೇ ಹೋದೆ. ಪ್ಲಮ್ ಹಣ್ಣಿನ ಕೇಕ್ ಮಾಡಿಟ್ಟಿದ್ದರು. ನನ್ನ ಪತ್ರ ಮೇಜಿನ ಮೇಲಿತ್ತು, ಪೆನ್ಸಿಲಿನಲ್ಲಿ ಪ್ರತಿ ಸಾಲಿನ ಪಕ್ಕ ಲೆಕ್ಕ ಸರಿ ನೋಡಿದ್ದರು. "ನಿಮ್ಮ ಗುಣಾಕಾರ ಸರಿಯಾಗಿದೆ" ಅಂದರು ಮೊದಲು. ಆಮೇಲೆ ಕೇಳಿದರು, "ಆದ್ರೆ ನಾನು ಏನು ಮಾಡ್ಬೇಕಿತ್ತು, ಹೇಳಿ?"

ಅವರಿಗಿರೋದು ತಾವಿರುವ ಮನೆ ಬಿಟ್ಟರೆ ಇದೊಂದೇ ಫ್ಲ್ಯಾಟು. ಗಂಡ ಇದ್ದಾಗ ಕೊಂಡಿದ್ದು. ಪಿಂಚಣಿ ಜೊತೆ ನಮ್ಮ ಬಾಡಿಗೆ ಸೇರಿದರೆ ತಿಂಗಳು ಸಾಗುತ್ತೆ. ಇಲ್ಲಿ ಬಾಡಿಗೆ ಮನೆಗಳ ದೊಡ್ಡ ಪಾಲು ಇಂಥ ಖಾಸಗಿ ಜನರದ್ದೇ. ಓನರ್ ಅಂದರೆ ಸಿಗಾರ್ ಹಿಡಿದ ಸಾಹುಕಾರ ಅನ್ನೋ ಚಿತ್ರ ನನ್ನ ತಲೆಯಲ್ಲೂ ಇತ್ತು, ಒಪ್ಪಿಕೊಳ್ತೀನಿ. ಹೊರಗೋಡೆ ಅವರೊಬ್ಬರದಲ್ಲ, ಇಡೀ ಕಟ್ಟಡದ ಓನರುಗಳದ್ದು. ಏನು ಮಾಡಬೇಕಾದರೂ ಎಲ್ಲರ ಸಭೆಯಲ್ಲಿ ಬಹುಮತ ಬೇಕು. ಅಜ್ಜಿ ಎರಡು ಸಲ ಹಿತ್ತಲ ಕಡೆ ಗೋಡೆಗೆ ಹೊದಿಕೆ ಹಾಕಿಸೋಣ ಅಂತ ಕೈ ಎತ್ತಿದ್ದರಂತೆ, ಎರಡು ಸಲವೂ ಬಿದ್ದುಹೋಯಿತು. ರಸ್ತೆ ಕಡೆ ಗೋಡೆ ಪಾರಂಪರಿಕ ಪಟ್ಟಿಯಲ್ಲಿದೆ, ಆ ಹೂಬಳ್ಳಿಯನ್ನು ಮುಚ್ಚೋ ಹಾಗೇ ಇಲ್ಲ.

ಇಲ್ಲಿ ನಾನು ಒಂದು ಕೆಲಸ ಮಾಡಿದೆ. ಸುಮ್ಮನಿದ್ದೆ.

ಯಾಕಂದರೆ ಅದೇ ಕಾನೂನಿನಲ್ಲಿ ಇನ್ನೊಂದು ಕಲಮು ಇದೆ. ಪಾರಂಪರಿಕ ಕಟ್ಟಡದ ನಿಯಮದಂಥ ಅಡ್ಡಿ ಇದ್ದು ಮನೆ ಸುಧಾರಿಸೋಕೆ ಆಗದಿದ್ದರೆ, ಅದನ್ನು ಓನರ್ ತೋರಿಸಿದರೆ, ಓನರಿನ ಪಾಲು ಅರ್ಧ ಆಗುತ್ತೆ. 44 ಅಲ್ಲ, 22. ಅಜ್ಜಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪತ್ರ ಬರೆಯೋಕೆ ಮುಂಚೆ ಕಾನೂನು ಓದುವಾಗಲೇ ಕಣ್ಣಿಗೆ ಬಿದ್ದಿತ್ತು, ಅವರು ಕೇಳಿದರೆ ನೋಡೋಣ ಅಂತ ಮುಂದೆ ಹೋಗಿದ್ದೆ. ಕಾನೂನು ಗೊತ್ತಿಲ್ಲದ ಬಾಡಿಗೆದಾರರ ಬಗ್ಗೆ ಈಗಷ್ಟೇ ಮರುಕಪಟ್ಟವನು, ಕಾನೂನು ಗೊತ್ತಿಲ್ಲದ ಓನರಿನ ಮುಂದೆ ಬಾಯಿಗೆ ಕೇಕ್ ತುಂಬಿಕೊಂಡು ಕೂತಿದ್ದೆ. ಅವರು 44 ಯೂರೋ ವರ್ಗಾಯಿಸಿದರು.

ಇನ್ನೊಂದು ಮಾತನ್ನೂ ಅಜ್ಜಿ ಹೇಳಿದರು, ಬೆದರಿಕೆಯಾಗಿ ಅಲ್ಲ, ಮಾಹಿತಿಯಾಗಿ. ಗೋಡೆಗೆ ಹೊದಿಕೆ ಹಾಕಿಸಿದರೆ ಆ ಖರ್ಚಿನ 8 ಪರ್ಸೆಂಟನ್ನು ಪ್ರತಿ ವರ್ಷ ಬಾಡಿಗೆಗೆ ಸೇರಿಸೋಕೆ ಅವರಿಗೆ ಹಕ್ಕಿದೆ. ಆರು ವರ್ಷದಲ್ಲಿ ಚದರ ಮೀಟರಿಗೆ 3 ಯೂರೋ ತನಕ ಮಾತ್ರ ಅಂತ ಮಿತಿ. ನಮ್ಮ 70 ಮೀಟರಿಗೆ ತಿಂಗಳಿಗೆ 210 ಯೂರೋ ತನಕ ಆಗಬಹುದು! ನಾನು ಕಾರ್ಬನ್ ಬೆಲೆ ಅಂತ ಕಟ್ಟೋದು ವರ್ಷಕ್ಕೆ 66. ಒಳ್ಳೇ ಗೋಡೆ ಬೇಕು ಅಂತ ಬಾಯಲ್ಲಿ ಹೇಳೋ ಬಾಡಿಗೆದಾರ, ಗೋಡೆಗೆ ಅಟ್ಟಣಿಗೆ ಕಟ್ಟೋಕೆ ಬಂದರೆ ಹೆದರೋದು ಇದಕ್ಕೇ. ಬರ್ಲಿನ್ನಿನಲ್ಲಿ ಎಷ್ಟೋ ಜನಕ್ಕೆ ಮನೆ ಸುಧಾರಣೆ ಅನ್ನೋ ಪದವೇ ಮನೆ ಖಾಲಿ ಮಾಡಿ ಅನ್ನೋ ಹಾಗೆ ಕೇಳಿಸುತ್ತೆ.

ಹಾಗಾದರೆ ಈ 110 ಯೂರೋ ಏನು? ನನ್ನ ಹತ್ತಿರ ಅದಕ್ಕೆ ಮೂರು ಕನ್ನಡ ಪದಗಳಿವೆ, ಮೂರೂ ಬೇರೆ ಬೇರೆ. ಒಂದು ಸುಂಕ. ದಾರಿಯಲ್ಲಿ ಟೋಲ್ ಕಟ್ಟಿ ಮುಂದೆ ಹೋದ ಹಾಗೆ, ಕಟ್ಟಿದ ಮೇಲೆ ಯಾರೂ ಏನೂ ಕೇಳೋ ಹಾಗಿಲ್ಲ. ಇನ್ನೊಂದು ದಂಡ. ನ್ಯೂಯಾರ್ಕ್ ನಗರ 2019ರಲ್ಲಿ ಮಾಡಿದ ಸ್ಥಳೀಯ ಕಾನೂನು 97 ಈ ಜಾತಿಯದು. 25 ಸಾವಿರ ಚದರ ಅಡಿಗಿಂತ ದೊಡ್ಡ ಕಟ್ಟಡಗಳಿಗೆ ಹೊಗೆಯ ಮಿತಿ, 2024ರಿಂದ ಜಾರಿ, ಮೀರಿದರೆ ಟನ್ನಿಗೆ 268 ಡಾಲರ್, ಅದೂ ನೇರ ಓನರ್ ಮೇಲೆ. ಮಿತಿಯೊಳಗೆ ಇದ್ದರೆ ಏನೂ ಇಲ್ಲ, ಮೀರಿದರೆ ತಪ್ಪು ಮಾಡಿದ ಹಾಗೆ. ಮೂರನೆಯದು ತಪ್ಪುಕಾಣಿಕೆ. ನಮ್ಮ ಕಡೆ ಹರಕೆ ಮರೆತರೆ, ಏನೋ ಅಪಚಾರ ಆದರೆ ದೇವರ ಹುಂಡಿಗೆ ಹಾಕ್ತೀವಲ್ಲ, ಅದು. ತಪ್ಪುಕಾಣಿಕೆಯ ಮೊತ್ತ ಮುಖ್ಯವೇ ಅಲ್ಲ. ಹನ್ನೊಂದು ರೂಪಾಯಿಯಾದರೂ ನಡೆಯುತ್ತೆ. ಆದರೆ ಅದರೊಳಗೆ ಇನ್ನೊಮ್ಮೆ ಮಾಡೋದಿಲ್ಲ ಅನ್ನೋ ಮಾತು ಇರುತ್ತೆ.

ಹಾರ್ವರ್ಡಿನ ಮೈಕೆಲ್ ಸ್ಯಾಂಡೆಲ್ 1997ರಲ್ಲಿ, ಕ್ಯೋಟೋ ಒಪ್ಪಂದದ ಹೊತ್ತಿಗೆ, ಮಲಿನ ಮಾಡುವ ಹಕ್ಕನ್ನು ಮಾರೋದು ಅನೈತಿಕ ಅಂತ ಪತ್ರಿಕೆಯಲ್ಲಿ ಬರೆದಾಗ ಅವರನ್ನು ಕಾಡಿದ್ದು ಇದೇ: ದುಡ್ಡು ಕೊಟ್ಟರೆ ತಪ್ಪು ತಪ್ಪಾಗಿ ಉಳಿಯೋದಿಲ್ಲ ಅನ್ನೋದು. ಮೂರು ವರ್ಷದ ನಂತರ ನೀಜಿ ಮತ್ತು ರಸ್ಟಿಚಿನಿ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾದ ಶಿಶುವಿಹಾರಗಳ ಪ್ರಯೋಗವನ್ನು ಪ್ರಕಟಿಸಿದರು. ಮಕ್ಕಳನ್ನು ಕರೆದುಕೊಂಡು ಹೋಗೋಕೆ ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿದರೆ, ತಡವಾಗಿ ಬರೋರು ಹೆಚ್ಚಾದರು. ಮೊದಲು ಟೀಚರ್ ಮುಖ ನೋಡೋಕೆ ನಾಚಿಕೆ ಆಗ್ತಿತ್ತು, ಈಗ ದುಡ್ಡು ಕೊಟ್ಟಾಯ್ತಲ್ಲ! ದಂಡ ತೆಗೆದ ಮೇಲೂ ನಾಚಿಕೆ ವಾಪಸ್ ಬರಲಿಲ್ಲ.

ಸ್ಯಾಂಡೆಲ್ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಾಚಿಕೆ ಇರೋದು ಟೀಚರ್ ಕಣ್ಣೆದುರು ಇದ್ದಾಗ. ನನ್ನ ಬಾಯ್ಲರಿನ ಹೊಗೆಗೆ ನಾನು ಯಾರ ಮುಖ ನೋಡಿ ನಾಚಿಕೊಳ್ಳಲಿ? ಅದು ಕಾಣೋದೇ ಇಲ್ಲ. ಆ ಸಣ್ಣ ಅಕ್ಷರದ ಸಾಲು ಬಿಲ್ಲಿನಲ್ಲಿ ಬರೋವರೆಗೂ ನಾನು ಎರಡು ಟನ್ ಬಿಡ್ತೀನಿ ಅನ್ನೋದೇ ಗೊತ್ತಿರಲಿಲ್ಲ. ನನ್ನ ಮಟ್ಟಿಗೆ ಬೆಲೆ ನಾಚಿಕೆಯನ್ನು ಕೊಲ್ಲಲಿಲ್ಲ, ಹುಟ್ಟಿಸಿತು. ಆದರೆ ಇದು ಎಷ್ಟು ವರ್ಷ ಬಾಳುತ್ತೆ ಅಂದರೆ, ಖಾತ್ರಿಯಿಲ್ಲ. ಐದನೇ ಬಿಲ್ಲಿನ ಹೊತ್ತಿಗೆ ನಾನೂ ಆ ಸಾಲನ್ನು ಓದದೆ ಮಡಚಿಡ್ತೀನೇನೋ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡೋದು ಬೇರೆ. 1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದಿಂದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಟ್ಟ ಪುಸ್ತಕ ತಂದರು. ಬಡ ರೈತನ ಭತ್ತದ ಗದ್ದೆಯಿಂದ ಏಳೋ ಮೀಥೇನನ್ನೂ ಶ್ರೀಮಂತ ದೇಶದ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಒಂದು ಬದುಕೋದಕ್ಕೆ, ಇನ್ನೊಂದು ಸುಖಕ್ಕೆ ಅಂದರು. ಎರಡು ವರ್ಷದ ನಂತರ ಅಮೆರಿಕದ ತತ್ವಶಾಸ್ತ್ರಜ್ಞ ಹೆನ್ರಿ ಶೂ ಇದೇ ಭೇದದ ಮೇಲೆ ಬರೆದ ಪ್ರಬಂಧ ಹೆಸರಾಯಿತು. ಈಗ ನನ್ನ ಮನೆಗೆ ಬನ್ನಿ. ಹೊರಗೆ ಮೈನಸ್ 8. ಮನೆಯನ್ನು 18 ಡಿಗ್ರಿಗೆ ತರೋದು ಬದುಕೋದಕ್ಕೆ, ಅದರಲ್ಲಿ ಅನುಮಾನವಿಲ್ಲ. 18ರಿಂದ 23ಕ್ಕೆ ತರೋದು ಸುಖಕ್ಕೆ. ಆದರೆ ಗ್ಯಾಸ್ ಮೀಟರಿಗೆ ಈ ಗೆರೆ ಗೊತ್ತಿಲ್ಲ, ಮೊದಲ ಯೂನಿಟ್ಟಿಗೂ ಕೊನೆಯ ಯೂನಿಟ್ಟಿಗೂ ಒಂದೇ ಬೆಲೆ. ಇದಕ್ಕಿಂತ ಕ್ರೂರವಾದ್ದು ಇನ್ನೊಂದಿದೆ: ಗೋಡೆ ಕೆಟ್ಟದಾದಷ್ಟೂ ಬರೀ ಬದುಕಿರೋಕೆ ಬೇಕಾದ ಹೊಗೆಯೇ ಹೆಚ್ಚು. ಒಳ್ಳೇ ಹೊದಿಕೆಯ ಹೊಸ ಮನೆಯಲ್ಲಿರೋನು ಬನಿಯನ್ನಿನಲ್ಲಿ ಓಡಾಡಿದರೂ ನನಗಿಂತ ಕಡಿಮೆ ಕಟ್ಟುತ್ತಾನೆ.

ಇದಕ್ಕೆ ಸ್ವಿಟ್ಜರ್ಲೆಂಡಿನವರದು ಒಂದು ಉತ್ತರ. ಅಲ್ಲಿ ಮನೆ ಕಾಯಿಸೋ ಎಣ್ಣೆ, ಗ್ಯಾಸಿನ ಮೇಲೆ 2008ರಿಂದ ಸುಂಕ ಇದೆ, 2022ರಿಂದ ಟನ್ನಿಗೆ 120 ಫ್ರಾಂಕ್. ಬಂದ ಹಣದ ಸುಮಾರು ಮೂರನೇ ಎರಡು ಭಾಗವನ್ನು ಜನರಿಗೂ ಕಂಪನಿಗಳಿಗೂ ವಾಪಸ್ ಕೊಡ್ತಾರೆ. ಜನರ ಪಾಲು ಪ್ರತಿ ತಲೆಗೂ ಸಮ, ಆರೋಗ್ಯ ವಿಮೆಯ ಕಂತಿನಲ್ಲಿ ಕಳೆದುಕೊಡ್ತಾರೆ. ಉಳಿದದ್ದರ ಬಹುಪಾಲು ಕಟ್ಟಡ ಸುಧಾರಣೆಗೆ. ಕಡಿಮೆ ಉರಿಸಿದವನಿಗೆ ಕಟ್ಟಿದ್ದಕ್ಕಿಂತ ಹೆಚ್ಚೇ ವಾಪಸ್ ಬರುತ್ತೆ. ಜರ್ಮನಿಯಲ್ಲೂ 2021ರಲ್ಲಿ ಬಂದ ಸರ್ಕಾರ ಹವಾಮಾನ ಹಣ ಅಂತ ಹೀಗೆ ಹಂಚುವ ಮಾತಾಡಿತ್ತು. ಕರೆಂಟ್ ಬಿಲ್ಲಿನ ಮೇಲಿದ್ದ ಒಂದು ಸುಂಕ ತೆಗೆದರು ನಿಜ, ಆದರೆ ಕೈಗೆ ಹಣ ಬರೋ ಮೊದಲೇ ಸರ್ಕಾರ ಬಿತ್ತು. ಕೆನಡಾದವರು ಜನರಿಗೆ ವಾಪಸ್ ಕೊಡ್ತಾನೂ ಇದ್ದರು. ಆದರೂ 2023ರಲ್ಲಿ ಮನೆ ಕಾಯಿಸೋ ಎಣ್ಣೆಗೆ ವಿನಾಯಿತಿ ಕೊಟ್ಟರು, 2025ರ ಏಪ್ರಿಲ್‌ನಲ್ಲಿ ಜನಸಾಮಾನ್ಯರ ಮೇಲಿನ ಇಡೀ ಸುಂಕವನ್ನೇ ಕೈಬಿಟ್ಟರು. ಕಟ್ಟೋದು ಪ್ರತಿ ಬಿಲ್ಲಿನಲ್ಲಿ ಕಾಣುತ್ತೆ, ವಾಪಸ್ ಬರೋದು ಕಾಣೋದಿಲ್ಲ. ಮನುಷ್ಯ ಸ್ವಭಾವ.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗಲೇ ಏಪ್ರಿಲ್ ಮೊದಲ ವಾರ ಬೆಂಗಳೂರಿಂದ ಒಂದು ಮೆಸೇಜು ಬಂತು.

ಅಲ್ಲಿ ನನ್ನದೊಂದು ಫ್ಲ್ಯಾಟಿದೆ. ನಾಲ್ಕನೇ ಮಹಡಿ, ಅದೇ ಕೊನೆ, ಮೇಲೆ ಟೆರೇಸು. ಬಾಡಿಗೆಗೆ ಇರೋರು ಹೊಸದಾಗಿ ಮದುವೆಯಾದ ಹುಡುಗ ಹುಡುಗಿ. "ಸರ್, ಬೆಡ್‌ರೂಮ್ ಗೋಡೆ ರಾತ್ರಿ ಹತ್ತಾದ್ರೂ ಬಿಸಿ ಇರುತ್ತೆ. ಏಸಿ ಹಾಕಿಸ್ಕೋಬಹುದಾ? ಗೋಡೆಗೆ ಒಂದು ತೂತು ಕೊರೀಬೇಕಾಗುತ್ತೆ." ನಾನು ಆಫೀಸಿನ ಮೀಟಿಂಗಿನ ನಡುವೆ ಉತ್ತರ ಬರೆದೆ: "ಹಾಕಿಸ್ಕೊಳ್ಳಿ. ಖಾಲಿ ಮಾಡುವಾಗ ತೂತು ಮುಚ್ಚಿಸಿ ಪೇಂಟ್ ಮಾಡಿಸಿಕೊಡಿ." ಹತ್ತು ತಿಂಗಳ ಅಡ್ವಾನ್ಸ್ ಇಟ್ಟುಕೊಂಡಿರೋ ಓನರ್ ಬೇರೆ ಹೇಗೆ ಬರೀತಾನೆ?

ಮನೆಗೆ ಬಂದು ಶೂ ಬಿಚ್ಚುವಾಗ ಹೊಳೆಯಿತು. ಇಲ್ಲಿ ನಾನು ತಿರುಗಣೆ ಹಿಡಿದವನು, ಅಲ್ಲಿ ಗೋಡೆ ಇಟ್ಟುಕೊಂಡವನು.

ಆ ಗೋಡೆಯ ಬಗ್ಗೆ ನನಗೆ ಚೆನ್ನಾಗಿ ಗೊತ್ತು. ಪಶ್ಚಿಮಕ್ಕಿದೆ, ಆರಿಂಚಿನ ಸಾಲಿಡ್ ಬ್ಲಾಕ್, ಕಿಟಕಿ ಮೇಲಿನ ಸಜ್ಜಾ ಹೆಸರಿಗೆ ಮಾತ್ರ. ಮಧ್ಯಾಹ್ನ ಮೂರರಿಂದ ಬಿಸಿಲು ಕುಡಿದು ರಾತ್ರಿಯೆಲ್ಲ ಒಳಗೆ ಕಕ್ಕುತ್ತೆ. ಕೊಳ್ಳುವಾಗ ನೋಡಿದ್ದು ಬಾಲ್ಕನಿಯಿಂದ ಕೆರೆ ಕಾಣುತ್ತಾ ಅಂತ. ಹೊಸ ವಸತಿ ಕಟ್ಟಡಗಳ ಗೋಡೆ ಎಷ್ಟು ಬಿಸಿ ಒಳಗೆ ಬಿಡಬಹುದು ಅನ್ನೋದಕ್ಕೆ ಕೇಂದ್ರ ಸರ್ಕಾರ ಇಕೋ ನಿವಾಸ ಸಂಹಿತೆ ಅಂತ ಒಂದು ಸಂಹಿತೆ ತಂದದ್ದೇ 2018ರ ಕೊನೆಗೆ, ನಮ್ಮ ಕಟ್ಟಡ ಅದಕ್ಕಿಂತ ಹಳೆಯದು. ಅಜ್ಜಿಮನೆಯ ಹೆಂಚು, ಮಣ್ಣಿನ ಗೋಡೆ ತಂಪಾಗಿರ್ತಿತ್ತು ಅಂತ ನೆನೆಸಿಕೊಂಡು ಕಣ್ಣೀರು ಹಾಕೋ ಲೇಖನಗಳು ಸಾಕಷ್ಟಿವೆ. ಆ ಮನೆಯನ್ನು ಬಿಟ್ಟು ಓಡಿಬಂದವರೂ ನಾವೇ.

ಲೆಕ್ಕ ಹಾಕಿದೆ. ಏಸಿ ರಾತ್ರಿ ಆರು ಗಂಟೆ ಓಡಿದರೆ ಹೆಚ್ಚುಕಡಿಮೆ 9 ಯೂನಿಟ್, ತಿಂಗಳಿಗೆ 270. ಕರ್ನಾಟಕದಲ್ಲಿ ಗಾಳಿ, ಬಿಸಿಲು, ನೀರಿನ ಕರೆಂಟು ಜಾಸ್ತಿ ಇದ್ದರೂ ದೇಶದ ಗ್ರಿಡ್ ಒಂದೇ, ರಾತ್ರಿ ಅದರಲ್ಲಿ ಕಲ್ಲಿದ್ದಲೇ ಹೆಚ್ಚು. ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಅನ್ನೋದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸರಾಸರಿ. ತಿಂಗಳಿಗೆ 190 ಕೆಜಿ. ಬರ್ಲಿನ್ನಿನ ದರದಲ್ಲಿ ಅದಕ್ಕೆ ಹತ್ತು ಯೂರೋ, ಅಂದರೆ ಸಾವಿರ ರೂಪಾಯಿ ಸುಮಾರು. ನಮ್ಮಲ್ಲಿ ಮನೆ ಬಿಲ್ಲಿನಲ್ಲಿ ಕಾರ್ಬನ್ ಬೆಲೆ ಅನ್ನೋ ಸಾಲೇ ಇಲ್ಲ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿ 2016ಕ್ಕೆ 400 ಮಾಡಿದ್ದರು, ಅದೂ ಮರುವರ್ಷ ಜಿಎಸ್‌ಟಿ ಪರಿಹಾರದ ಸೆಸ್ಸಾಗಿ ಬದಲಾಯಿತು.

ಆದರೆ ಬೆಲೆ ಇಲ್ಲ ಅಂದರೆ ಆ ಹುಡುಗ ಹುಡುಗಿ ಏನೂ ಕಟ್ಟೋದಿಲ್ಲ ಅಂತಲ್ಲ. ಅವರು ಗೃಹಜ್ಯೋತಿಯಲ್ಲಿದ್ದರು. ತಿಂಗಳಿಗೆ ನೂರೈವತ್ತರೊಳಗೆ ಯೂನಿಟ್, ಬಿಲ್ಲು ಸೊನ್ನೆ. 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ನನ್ನ ಪಶ್ಚಿಮದ ಗೋಡೆ ಅವರನ್ನು ಆ ಗೆರೆ ದಾಟಿಸುತ್ತೆ. ಏಸಿ ಅವರ ದುಡ್ಡು, ಕರೆಂಟು ಅವರ ದುಡ್ಡು, ತೂತು ಮುಚ್ಚಿಸೋದೂ ಅವರ ದುಡ್ಡು. ನನಗೆ ಪತ್ರ ಬರೆದು 40 ಪರ್ಸೆಂಟ್ ಕೊಡಿ ಅಂತ ಕೇಳೋಕೆ ಅವರಿಗೆ ಯಾವ ಕಾನೂನೂ ಇಲ್ಲ. ಕಾನೂನಿಲ್ಲದ ಕಡೆ ಹೊಣೆ ಇಲ್ಲ ಅಂತ ಹೇಳೋಕೆ ನಾಲಗೆ ಬರಲಿಲ್ಲ. ಅಲ್ಲಿ ಪಾಪ ಯಾರದು ಅಂತ ಕೇಳಿದರೆ ತಪ್ಪಿಸಿಕೊಳ್ಳಬಹುದು. ಬಿಸಿಲು ಸೂರ್ಯನದು, ಗೋಡೆ ಬಿಲ್ಡರಿನದು. ಬದಲಿಸೋ ಶಕ್ತಿ ಯಾರದು ಅಂತ ಕೇಳಿದರೆ ಉತ್ತರ ಒಂದೇ.

ಮರುದಿನ ಮೊದಲು ಅಜ್ಜಿಗೆ ಫೋನ್ ಮಾಡಿ ಆ ಇನ್ನೊಂದು ಕಲಮಿನ ವಿಷಯ ಹೇಳಿದೆ. ಮುಂಚೆಯೇ ಗೊತ್ತಿತ್ತು ಅನ್ನೋದನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ದೊಡ್ಡ ಮನಸ್ಸು ಮಾಡಿ ಪರವಾಗಿಲ್ಲ ಬಿಡಿ ಅಂತಾರೆ ಅಂದುಕೊಂಡೆ. ಹಾಗೇನೂ ಅನ್ನಲಿಲ್ಲ. "ಸರಿ, ಕಟ್ಟಡದ ಮ್ಯಾನೇಜ್‌ಮೆಂಟಿನಿಂದ ಕಾಗದ ತರಿಸ್ತೀನಿ. ನೀವು 22 ವಾಪಸ್ ಕಳಿಸಿ" ಅಂದರು. ಕಳಿಸಿದೆ. ಕಿಟಕಿಗಳ ಸಂದಿಗೆ ರಬ್ಬರ್ ಪಟ್ಟಿ ಹಾಕೋಕೆ ಆಳು ಕಳಿಸ್ತೀನಿ ಅಂದರು, ಅಕ್ಟೋಬರಿನೊಳಗೆ. ಅದಕ್ಕೆ ಯಾರ ಬಹುಮತವೂ ಬೇಡವಂತೆ.

ಆಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿಗೆ ಫೋನ್. ಟೆರೇಸಿಗೆ ಬಿಸಿಲು ವಾಪಸ್ ಕಳಿಸೋ ಬಿಳಿ ಪೇಂಟ್ ಹೊಡೆಸೋಣ, ಪಶ್ಚಿಮದ ಗೋಡೆಗೆ ನೆರಳು ಬೀಳೋ ಹಾಗೆ ಏನಾದರೂ ಮಾಡೋಣ, ಖರ್ಚಿನಲ್ಲಿ ನನ್ನ ಪಾಲು ಜಾಸ್ತಿ ಇರಲಿ ಅಂದೆ. "ಟೆರೇಸು ಕಾಮನ್ ಏರಿಯಾ ಸರ್. ಎಲಿವೇಶನ್ ಮುಟ್ಟೋ ಹಾಗಿಲ್ಲ, ಗೊತ್ತಲ್ವಾ. ಮುಂದಿನ ಮೀಟಿಂಗಲ್ಲಿ ಇಡೋಣ" ಅಂದರು. ಮುಂದಿನ ಮೀಟಿಂಗು ಆಗಸ್ಟಿನಲ್ಲಿ, ಮಳೆಗಾಲದಲ್ಲಿ. ಆಗ ಬಿಸಿಲಿನ ಮಾತು ಯಾರು ಕೇಳ್ತಾರೆ?

ಅಲ್ಲೀ ತನಕ ಏನು? ಬರ್ಲಿನ್ನಿನ ಮೆಟ್ಟಿಲನ್ನೇ ನನಗೂ ಹಾಕಿಕೊಂಡೆ. ಸಾವಿರಕ್ಕೆ 40 ಪರ್ಸೆಂಟ್. ಏಪ್ರಿಲ್, ಮೇ ಎರಡು ತಿಂಗಳು ಬಾಡಿಗೆಯಲ್ಲಿ 400 ರೂಪಾಯಿ ಕಡಿಮೆ ಕಳಿಸಿ ಅಂತ ಹುಡುಗನಿಗೆ ಮೆಸೇಜ್ ಮಾಡಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು: "ಯಾಕೆ ಸರ್? ಮನೆ ಖಾಲಿ ಮಾಡ್ಬೇಕಾ?"

ಅದಕ್ಕೇನು ಬರೆಯೋದು ಅಂತ ಮೂರು ಸಲ ಟೈಪ್ ಮಾಡಿ ಅಳಿಸಿದೀನಿ.